ಮಳೆಗಾಲದ ತುರ್ತು ಪೆಟ್ಟಿಗೆ: ರಕ್ತ ಕಟ್ಟುವ ಗಾಜ್, ಕೂಡಿಟ್ಟ ನೀರು

ಓದುಗರ ಪ್ರಶ್ನೆ, ನಮ್ಮ ಉತ್ತರ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಮಣ್ಣು ಬಿದ್ದಾಗಲೂ ರಸ್ತೆ ಕಡಿದುಹೋಯಿತು. ಅಂಥ ಹೊತ್ತಿನಲ್ಲಿ ಮನೆಯಲ್ಲಿರುವುದೇ ಗತಿ. ಈ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ರಕ್ತ ನಿಲ್ಲಿಸುವ ಗಾಜ್ (ಗಾಯಕ್ಕಿಡುವ ಜಾಳು ಬಟ್ಟೆಯ ಪಟ್ಟಿ) ಮತ್ತು ಕುಡಿಯುವ ನೀರಿನ ಕುರಿತಾಗಿಯೇ ಇವೆ. ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಸಕಲೇಶಪುರ ಕಡೆ ಕಾಫಿ ತೋಟ. ಮರಗಸಿ ಮಾಡುವಾಗ ಕತ್ತಿ ತಗಲುವುದು, ಕಳೆ ಹೊಡೆಯುವ ಮೆಷಿನ್‌ನಿಂದ ಗಾಯವಾಗುವುದು ಇದ್ದದ್ದೇ. ಆಸ್ಪತ್ರೆ ಒಂದು ಗಂಟೆ ದೂರ. ರಕ್ತ ಕಟ್ಟುವ ಪುಡಿ, ಗಾಜ್ ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಯಾವುದನ್ನು ತರಿಸಲಿ?

ಗಾಜ್ ತರಿಸಿ. ಪುಡಿ ಬೇಡ.

ಚಿಮ್ಮುವ ರಕ್ತದ ಮೇಲೆ ಪುಡಿ ಸುರಿದರೆ ಅದು ರಕ್ತದ ಜೊತೆಗೇ ಹರಿದುಹೋಗುತ್ತದೆ. ಗಾಳಿ ಬಂದರೆ ಕಣ್ಣಿಗೆ ಬೀಳುತ್ತದೆ. ಒತ್ತಿ ಹಿಡಿಯಲು ಕೈಗೆ ಆಧಾರವನ್ನೂ ಕೊಡುವುದಿಲ್ಲ. ಕ್ವಿಕ್‌ಕ್ಲಾಟ್ ಎಂಬ ಬ್ರ್ಯಾಂಡ್ ಮೊದಲು ಬಂದದ್ದು ಜಿಯೋಲೈಟ್ ಎಂಬ ಖನಿಜದ ಹರಳಿನ ರೂಪದಲ್ಲಿ. ಅದು ನೀರಿನಂಶ ಹೀರುವಾಗ ಬಿಸಿಯಾಗಿ ಚರ್ಮ ಸುಡುತ್ತಿತ್ತು. ಹೀಗಾಗಿ ಅದನ್ನು ಕೈಬಿಟ್ಟು ಕೆಯೋಲಿನ್ ಎಂಬ ಬಿಳಿ ಜೇಡಿ ಲೇಪಿಸಿದ ಗಾಜ್ ತಂದರು. ಅಮೆರಿಕದ ಸೇನೆಯ ಯುದ್ಧಗಾಯ ಚಿಕಿತ್ಸಾ ಸಮಿತಿ 2008ರಲ್ಲಿ ಇದನ್ನೇ ಮೊದಲ ಆಯ್ಕೆ ಎಂದಿತು. ಕೈಟೊಸಾನ್ ಗಾಜ್ ಇನ್ನೊಂದು ಬಗೆ. ಸೆಲಾಕ್ಸ್ ಅದಕ್ಕೆ ಉದಾಹರಣೆ. ಸಿಗಡಿ, ಏಡಿಯಂಥವುಗಳ ಚಿಪ್ಪಿನಿಂದ ತೆಗೆದ ಈ ವಸ್ತು ಕೆಂಪು ರಕ್ತಕಣಗಳಿಗೆ ಅಂಟಿ ಗಟ್ಟಿ ಲೋಳೆಯಾಗುತ್ತದೆ. ನಮ್ಮ ದೇಶದಲ್ಲೇ ತಯಾರಾಗುವ ಆಕ್ಸಿಯೋಸ್ಟ್ಯಾಟ್ ಕೂಡ ಕೈಟೊಸಾನ್‌ದೇ. ಚೌಕದ ಪ್ಯಾಡ್ ಮೇಲ್ಮೈ ಗಾಯಕ್ಕೆ ಸಾಕು. ಆಳದ ಗಾಯಕ್ಕೆ ಬೇಕಾದದ್ದು ಉದ್ದನೆಯ ಪಟ್ಟಿ: 7.5 ಸೆಂ.ಮೀ ಅಗಲ, ಮೂರೂವರೆ ಮೀಟರ್‌ನಷ್ಟು ಉದ್ದ, ಪೊಟ್ಟಣದೊಳಗೆ ಸೀರೆಯ ನೆರಿಗೆಯಂತೆ ಮಡಿಸಿಟ್ಟದ್ದು. ಉರುಳೆ ಸುತ್ತಿದ್ದು ಒದ್ದೆ ಕೈಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ನೆರಿಗೆ ಮಡಿಕೆಯದ್ದು ಎಳೆದಷ್ಟೇ ಬರುತ್ತದೆ.

ದುಬಾರಿ ಗಾಜ್ ಕೊಂಡವರೂ ಬಳಸುವಾಗ ಎಡವುವುದುಂಟು. ಗಾಯದ ಮೇಲೆ ಹೊದಿಸಿ ಬ್ಯಾಂಡೇಜ್ ಸುತ್ತಿಬಿಡುತ್ತಾರೆ, ಒಳಗೆ ರಕ್ತನಾಳ ಸುರಿಯುತ್ತಲೇ ಇರುತ್ತದೆ. ಸರಿಯಾದ ಕ್ರಮ ಇದು. ಬಟ್ಟೆ ಕತ್ತರಿಸಿ ಗಾಯ ಬಿಡಿಸಿ. ತುಂಬಿದ ರಕ್ತವನ್ನು ಬಟ್ಟೆಯಿಂದ ಒಮ್ಮೆ ಒರೆಸಿ, ಯಾವ ಮೂಲೆಯಿಂದ ಉಕ್ಕುತ್ತಿದೆ ನೋಡಿ. ಗಾಜ್‌ನ ತುದಿಯನ್ನು ಬೆರಳಿನಿಂದ ಆ ಜಾಗಕ್ಕೇ, ಗಾಯದ ತಳದವರೆಗೆ ಒತ್ತಿ. ಆ ಬೆರಳು ಎತ್ತಬೇಡಿ. ಇನ್ನೊಂದು ಕೈಯಿಂದ ಮುಂದಿನ ಮಡಿಕೆ ತುರುಕಿ, ಅದನ್ನು ಒತ್ತಿ ಹಿಡಿದ ಮೇಲೆ ಮೊದಲ ಬೆರಳು ಬಿಡಿ. ಹೀಗೆ ಬೆರಳು ಬದಲಿಸುತ್ತ ಗಾಯ ತುಂಬಿ ಚರ್ಮದಿಂದ ಒಂದೆರಡು ಅಂಗುಲ ಮೇಲೆ ಗುಡ್ಡೆಯಾಗುವವರೆಗೆ ತುಂಬಿಸಿ. ಆಮೇಲೆ ಎರಡೂ ಅಂಗೈ ಊರಿ, ಮೊಣಕೈ ನೇರ ಮಾಡಿ, ಮೈಭಾರ ಬಿಟ್ಟು ಕನಿಷ್ಠ ಮೂರು ನಿಮಿಷ ಒತ್ತಿ. ಗಡಿಯಾರ ನೋಡಿಕೊಳ್ಳಿ. ಗಾಬರಿಯಲ್ಲಿ ಒಂದು ನಿಮಿಷವೇ ಐದು ನಿಮಿಷದ ಹಾಗೆ ಅನಿಸುತ್ತದೆ. ನಡುವೆ ಎತ್ತಿ ನೋಡಿದರೆ ಆಗತಾನೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ರಕ್ತ ನಿಂತ ಮೇಲೆ ಮೇಲಿಂದ ಕ್ರೇಪ್ ಬ್ಯಾಂಡೇಜ್ ಬಿಗಿದು, ಖಾಲಿ ಪೊಟ್ಟಣವನ್ನು ರೋಗಿಯ ಜೊತೆಗೇ ಕಳಿಸಿ. ಒಳಗೇನಿದೆ ಎಂದು ವೈದ್ಯರಿಗೆ ಗೊತ್ತಾಗಬೇಕು.

ಸಾದಾ ಗಾಜ್‌ನಿಂದಲೂ ಇದನ್ನೇ ಮಾಡಬಹುದು. ಒತ್ತುವ ಹೊತ್ತು ಹತ್ತು ನಿಮಿಷಕ್ಕೆ ಏರುತ್ತದೆ, ಅಷ್ಟೇ. ಆದ್ದರಿಂದ ಒಂದೆರಡು ಔಷಧಿ ಗಾಜ್ ಜೊತೆಗೆ ನಾಲ್ಕೈದು ಸಾದಾ ಸ್ಟೆರೈಲ್ ಗಾಜ್ ರೋಲ್ ಇಡಿ. ಹತ್ತಿಯನ್ನು ಗಾಯದೊಳಗೆ ತುರುಕಬೇಡಿ, ಎಳೆಗಳು ಒಳಗೇ ಉಳಿಯುತ್ತವೆ. ಎದೆ, ಹೊಟ್ಟೆ, ತಲೆಬುರುಡೆಯ ಗಾಯಕ್ಕೆ ಏನನ್ನೂ ತುರುಕಕೂಡದು. ಚುಚ್ಚಿಕೊಂಡ ಕೋಲು, ಗಾಜಿನ ಚೂರು ಕೀಳಬೇಡಿ. ಅಲುಗದಂತೆ ಸುತ್ತಲೂ ಬಟ್ಟೆ ಇಟ್ಟು ಕಟ್ಟಿ. ತೊಡೆ, ತೋಳು, ಕಂಕುಳು, ತೊಡೆಸಂದಿಯ ಗಾಯಕ್ಕೆ ಈ ಗಾಜ್.

ಕೈ, ಕಾಲಿನಲ್ಲಿ ರಕ್ತ ಚಿಮ್ಮುತ್ತಿದ್ದರೆ, ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆಟ್, ಅಂದರೆ ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ ಬೇಕು. ಗಾಯದಿಂದ 5ರಿಂದ 7 ಸೆಂ.ಮೀ ಮೇಲೆ, ಮೊಣಕಾಲು, ಮೊಣಕೈ ಗಿಣ್ಣು ಬಿಟ್ಟು ಕಟ್ಟಿ, ರಕ್ತ ಪೂರ್ತಿ ನಿಲ್ಲುವವರೆಗೆ ಕಡ್ಡಿ ತಿರುಗಿಸಿ. ಅರ್ಧ ಬಿಗಿದರೆ ರಕ್ತ ಕಾಲಿಗೆ ಇಳಿಯುತ್ತದೆ, ವಾಪಸ್ ಹೋಗುವುದಿಲ್ಲ, ಸುರಿಯುವುದು ಇನ್ನೂ ಜಾಸ್ತಿಯಾಗುತ್ತದೆ. ಸರಿಯಾಗಿ ಬಿಗಿದರೆ ವಿಪರೀತ ನೋವಾಗುತ್ತದೆ. ಅದಕ್ಕೆ ಮರುಗಿ ಸಡಿಲಿಸಬೇಡಿ. ಕಟ್ಟಿದ ಸಮಯವನ್ನು ಹಣೆಯ ಮೇಲೋ ಪಟ್ಟಿಯ ಮೇಲೋ ಬರೆದು, ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿ. ಅಗ್ಗದ ನಕಲಿ ಟೂರ್ನಿಕೆಟ್‌ಗಳ ಕಡ್ಡಿ ಬಿಗಿಯುವಾಗಲೇ ಬಾಗುತ್ತದೆ, ಮುರಿಯುತ್ತದೆ. ಸರಕು ಕೈಗೆ ಬಂದ ದಿನವೇ ನಿಮ್ಮ ತೊಡೆಗೆ ಬಿಗಿದು ಪರೀಕ್ಷಿಸಿ. ಹಗ್ಗ, ತಂತಿ ಬೇಡ. ಕನಿಷ್ಠ ನಾಲ್ಕು ಸೆಂ.ಮೀ ಅಗಲದ ಪಟ್ಟಿಯೇ ಆಗಬೇಕು.

ತೋಟದ ರೈಟರ್‌ಗೂ ಇಬ್ಬರು ಕೆಲಸಗಾರರಿಗೂ ಇದನ್ನು ಕಲಿಸಿ. ಹಳೆ ಹಾಸಿಗೆಯ ಫೋಮ್‌ನಲ್ಲಿ ನಾಲ್ಕೈದು ಸೆಂ.ಮೀ ಆಳ ಸೀಳಿ, ಸಾದಾ ಗಾಜ್‌ನಿಂದ ತುಂಬಿಸಿ ಅಭ್ಯಾಸ ಮಾಡಬಹುದು. ಪೆಟ್ಟಿಗೆ ಬಂಗಲೆಯ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ. ಕೆಲಸ ನಡೆಯುವ ಕಡೆ ಹೋಗಬೇಕು.

ಪ್ರಶ್ನೆ: ಅಪ್ಪನಿಗೆ ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ನಡೆಯುತ್ತಿದೆ. ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಜೊತೆಗೆ ಅವರಿಗೆ ಸಿಗಡಿ ತಿಂದರೆ ಮೈಯೆಲ್ಲ ದದ್ದು. ಯಾವ ಗಾಜ್ ಇಡಬೇಕು? (ಕುಂದಾಪುರ)

ಕೆಯೋಲಿನ್ ದೇಹದ ಹೆಪ್ಪುಗಟ್ಟುವ ಸರಪಳಿಗೆ ಚಾಲನೆ ಕೊಡುತ್ತದೆ. ಮುಂದಿನ ಕೊಂಡಿಗಳನ್ನು ದೇಹವೇ ಒದಗಿಸಬೇಕು. ಅಸಿಟ್ರೋಮ್, ವಾರ್ಫರಿನ್ ಮಾತ್ರೆಗಳು ಆ ಕೊಂಡಿಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿರುತ್ತವೆ. ಕೈಟೊಸಾನ್ ಆ ಸರಪಳಿಯನ್ನು ನೆಚ್ಚಿಕೊಂಡಿಲ್ಲ, ಹಾಗಾಗಿ ನಿಮ್ಮ ಮನೆಗೆ ಅದೇ ಸೂಕ್ತ. ಸಿಗಡಿ ಅಲರ್ಜಿ ಬರುವುದು ಅದರ ಮಾಂಸದ ಪ್ರೋಟೀನ್‌ನಿಂದ. ಶುದ್ಧೀಕರಿಸಿದ ಕೈಟೊಸಾನ್‌ನಲ್ಲಿ ಅದನ್ನು ತೆಗೆದಿರುತ್ತಾರೆ. ಆದರೂ ಕೊಳ್ಳುವ ಮೊದಲು ಅಪ್ಪನ ವೈದ್ಯರನ್ನು ಒಮ್ಮೆ ಕೇಳಿ, ಅಲರ್ಜಿಯ ವಿಷಯವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿಡಿ. ಒತ್ತುವುದನ್ನು ಮೂರರ ಬದಲು ಐದು ನಿಮಿಷ ಮಾಡಿ. ಗಾಯವಾಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಅಂದಹಾಗೆ, ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮಲ್ಲಿ ಕಮ್ಯುನಿಸ್ಟ್ ಗಿಡದ ಸೊಪ್ಪು ಹಿಂಡುತ್ತಾರೆ, ಕಾಫಿಪುಡಿ, ಅರಿಶಿನ ಒತ್ತುತ್ತಾರೆ. ಇದೇ ಸಾಲದೇ? (ತೀರ್ಥಹಳ್ಳಿ)

ಬೆರಳು ಕುಯ್ದುಕೊಂಡರೆ, ಇಂಬಳ ಕಚ್ಚಿ ರಕ್ತ ಜಿನುಗುತ್ತಿದ್ದರೆ ಬರೀ ಬೆರಳಿಟ್ಟು ಒತ್ತಿದರೂ ನಿಲ್ಲುತ್ತದೆ. ಸೊಪ್ಪಿಗೆ ಹೆಸರು ಬಂದಿರುವುದು ಇಂಥ ಗಾಯಗಳಿಂದಲೇ. ಚಿಮ್ಮುವ ರಕ್ತಕ್ಕೆ ಅದು ತಡೆಯಲ್ಲ. ಕಾಫಿಪುಡಿ, ಸುಣ್ಣ, ಅರಿಶಿನ ಆಳದ ಗಾಯದಲ್ಲಿ ಕಸವಾಗಿ ಉಳಿಯುತ್ತವೆ. ವೈದ್ಯರು ಹೊಲಿಗೆಗೆ ಮೊದಲು ಅದನ್ನೆಲ್ಲ ಕೆರೆದು ತೆಗೆಯಬೇಕು, ಕೀವಾಗುವ ಸಂಭವವೂ ಹೆಚ್ಚು.

ಪ್ರಶ್ನೆ: ಹಾವು ಕಚ್ಚಿದ ಜಾಗದಿಂದ ರಕ್ತ ಸೋರುತ್ತಿದ್ದರೆ ಈ ಗಾಜ್, ಟೂರ್ನಿಕೆಟ್ ಬಳಸಬಹುದೇ?

ಟೂರ್ನಿಕೆಟ್ ಖಂಡಿತ ಬೇಡ. ಕೊಳಕುಮಂಡಲದ ವಿಷ ಇಡೀ ದೇಹದ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದಕ್ಕೆ ಆಸ್ಪತ್ರೆಯ ವಿಷಮದ್ದೊಂದೇ ಮದ್ದು. ಬಿಗಿದು ಕಟ್ಟಿದರೆ ಕಚ್ಚಿದ ಕೈಕಾಲು ಕೊಳೆಯುತ್ತದೆ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಅಂಗ ಅಲುಗದಂತೆ ಹಲಗೆ ಕಟ್ಟಿ, ರೋಗಿಯನ್ನು ನಡೆಸದೆ ಹೊತ್ತೊಯ್ಯಿರಿ.

ಪ್ರಶ್ನೆ: ರಸ್ತೆಯಲ್ಲಿ ಗಾಯಾಳುವಿಗೆ ಹೀಗೆ ಕಟ್ಟು ಕಟ್ಟಿದರೆ ಪೊಲೀಸ್ ಕೇಸ್ ನಮ್ಮ ಮೇಲೆ ಬರುತ್ತದೆಯೇ?

ಇಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ. ಮೊದಲು 108ಕ್ಕೆ ಫೋನ್ ಮಾಡಿಸಿ, ನೀವು ಗಾಯ ಒತ್ತಿ ಹಿಡಿಯಿರಿ.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇರುವುದಿಲ್ಲ. ಬಾವಿ ನೀರು ಕುದಿಸಿ ಡ್ರಮ್ಮಿನಲ್ಲಿ ತುಂಬಿಡುತ್ತೇವೆ. ನಾಲ್ಕೈದು ದಿನಕ್ಕೇ ಲೋಳೆ ಕಟ್ಟುತ್ತದೆ. ಎಷ್ಟು ನೀರು, ಹೇಗೆ ಇಡಬೇಕು?

ಕುದಿಸಿದ ನೀರು ಆ ಹೊತ್ತಿಗೆ ಶುದ್ಧ. ಆದರೆ ಮುಂದೆ ಬೀಳುವ ಸೂಕ್ಷ್ಮಜೀವಿಯನ್ನು ಕೊಲ್ಲುವಂಥದ್ದು ಅದರಲ್ಲಿ ಏನೂ ಇಲ್ಲ. ಡ್ರಮ್ಮಿನ ಗೋಡೆಗೆ ಅಂಟಿದ ಹಳೆಯ ಪಾಚಿ, ಲೋಟ ಅದ್ದಿದ ಕೈ, ಇಷ್ಟೇ ಸಾಕು. ಕೂಡಿಡುವ ನೀರಿಗೆ ಬೇಕಾದದ್ದು ಚೂರು ಉಳಿಕೆ ಕ್ಲೋರಿನ್. ಕುದಿಸುವುದನ್ನು ಆಯಾ ದಿನ ಕುಡಿಯುವ ನೀರಿಗೆ ಇಟ್ಟುಕೊಳ್ಳಿ. ಗುಳ್ಳೆ ಉಕ್ಕಿ ಬಂದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಮೂರು ನಿಮಿಷದ ನಿಯಮ 2000 ಮೀಟರ್‌ಗಿಂತ ಎತ್ತರದ ಊರುಗಳಿಗೆ, ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಅಷ್ಟಿಲ್ಲ.

ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ, ಕುಡಿಯಲು ಎರಡು, ಅಡುಗೆಗೆ ಮತ್ತು ಕೈಬಾಯಿಗೆ ಎರಡು. ನಾಲ್ಕು ಜನಕ್ಕೆ ಮೂರು ದಿನಕ್ಕೆ 48 ಲೀಟರ್ ಆಯಿತು. ನಿಮ್ಮ ಕಡೆಗೆ ಮೂರು ದಿನ ಸಾಲದು, ಒಂದು ವಾರಕ್ಕೆ 112 ಲೀಟರ್ ಇಡಿ. ಒಂದೇ ದೊಡ್ಡ ಡ್ರಮ್ ಬೇಡ. ಅದು ಕೆಟ್ಟರೆ ಎಲ್ಲವೂ ಕೆಟ್ಟಿತು, ಮನೆ ಬಿಡಬೇಕಾದರೆ ಎತ್ತಲೂ ಆಗುವುದಿಲ್ಲ. ತಳದಲ್ಲಿ ತ್ರಿಕೋನದೊಳಗೆ 2 ಎಂದು ಅಚ್ಚಾಗಿರುವ, ಆಹಾರಕ್ಕೆಂದೇ ಮಾಡಿದ, ನಲ್ಲಿ ಇರುವ 10 ಅಥವಾ 20 ಲೀಟರ್ ಕ್ಯಾನ್ ಆರಿಸಿ. ಪೇಂಟ್, ಕೀಟನಾಶಕ ಇದ್ದ ಡಬ್ಬ ಎಷ್ಟು ತೊಳೆದರೂ ಬೇಡ. ಹಾಲಿನ ಕ್ಯಾನೂ ಬೇಡ, ಜಿಡ್ಡು ಪ್ಲಾಸ್ಟಿಕ್ಕಿನಲ್ಲಿ ಉಳಿದು ಸೂಕ್ಷ್ಮಜೀವಿಗೆ ಆಹಾರವಾಗುತ್ತದೆ.

ಮೊದಲು ಸೋಪಿನಿಂದ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ದ್ರಾವಣ ಬೆರೆಸಿ, ಕ್ಯಾನಿನ ಮೂಲೆಮೂಲೆಗೂ ತಾಗುವಂತೆ ಅರ್ಧ ನಿಮಿಷ ಕುಲುಕಿ, ನಲ್ಲಿಯಿಂದಲೂ ಸ್ವಲ್ಪ ಹರಿಸಿ, ಚೆಲ್ಲಿ, ಶುದ್ಧ ನೀರಿನಿಂದ ತೊಳೆಯಿರಿ. ಬಾವಿ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ತುಂಬಿ. ಆ ಬ್ಲೀಚ್ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ಆದರೆ ಲೀಟರ್‌ಗೆ ಎರಡು ಹನಿ, 20 ಲೀಟರ್‌ಗೆ 40 ಹನಿ, ಅಂದರೆ 2 ಎಂ.ಎಲ್. ಸೂಜಿ ಇಲ್ಲದ 2 ಎಂ.ಎಲ್ ಸಿರಿಂಜ್ ಒಂದನ್ನು ಬಾಟಲಿಗೇ ಕಟ್ಟಿಡಿ. ನೀರು ಬಗ್ಗಡವಾಗಿದ್ದರೆ ದುಪ್ಪಟ್ಟು. ಅರ್ಧ ಗಂಟೆ ಬಿಟ್ಟು ಮೂಸಿದರೆ ಕ್ಲೋರಿನ್ ವಾಸನೆ ತೆಳ್ಳಗೆ ಬರಬೇಕು. ಬರದಿದ್ದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ ಹಾಕಿ ಕಾಯಿರಿ. ಬಾಟಲಿಯಲ್ಲಿ ಪರಿಮಳ, ಬಣ್ಣ, ಸೋಪು ಸೇರಿರಬಾರದು. ಶೌಚಾಲಯ ತೊಳೆಯುವ ಆಸಿಡ್ ಪಕ್ಕದಲ್ಲಿ ಅದನ್ನು ಇಡಬೇಡಿ. ಎರಡೂ ಬೆರೆತರೆ ವಿಷಗಾಳಿ ಏಳುತ್ತದೆ. ಇಷ್ಟು ಲೆಕ್ಕ ರಗಳೆ ಎನಿಸಿದರೆ ಕ್ಲೋರಿನ್ ಮಾತ್ರೆ ಸುಲಭ. 67 ಮಿ.ಗ್ರಾಂ ಮಾತ್ರೆ ಒಂದು 20 ಲೀಟರ್ ತಿಳಿ ನೀರಿಗೆ.

ತುಂಬಿದ ತಾರೀಖು ಬರೆದು, ಬಿಸಿಲು ತಾಗದ ಕಡೆ ಹಲಗೆಯ ಮೇಲಿಡಿ. ಪೆಟ್ರೋಲ್, ಸೀಮೆಎಣ್ಣೆ, ತೋಟದ ಔಷಧಿ ಇಟ್ಟ ಕೋಣೆಯಲ್ಲಿ ಮಾತ್ರ ಬೇಡ. ಅವುಗಳ ಆವಿ ಪ್ಲಾಸ್ಟಿಕ್ ತೂರಿ ನೀರಿಗೆ ಇಳಿಯುತ್ತದೆ, ಕ್ಲೋರಿನ್ ಅದನ್ನು ತೆಗೆಯುವುದಿಲ್ಲ. ಆರು ತಿಂಗಳಿಗೊಮ್ಮೆ ನೀರು ಬದಲಿಸಿ. ಹಳೆಯದನ್ನು ಗಿಡಕ್ಕೋ ಪಾತ್ರೆಗೋ ಬಳಸಿ.

ಎತ್ತಿಕೊಂಡು ಓಡುವ ಚೀಲಕ್ಕೆ ತಲೆಗೆ ಎರಡು ಲೀಟರ್‌ಗಿಂತ ಹೆಚ್ಚು ತುಂಬಬೇಡಿ, ಲೀಟರ್‌ಗೆ ಒಂದು ಕೆ.ಜಿ ಭಾರ. ಜೊತೆಗೆ ಹತ್ತು ಕ್ಲೋರಿನ್ ಮಾತ್ರೆ, ಓಆರ್‌ಎಸ್ ಪೊಟ್ಟಣ, ಸರಿಯಾಗಿ ಒಂದು ಲೀಟರ್ ಹಿಡಿಯುವ ಬಾಟಲಿ ಇರಲಿ. ಒಂದು ಲೀಟರ್‌ಗೆಂದು ಇರುವ ಓಆರ್‌ಎಸ್ ಪೊಟ್ಟಣವನ್ನು ಒಂದೇ ಲೋಟದಲ್ಲಿ ಕದಡಿ ಮಗುವಿಗೆ ಕುಡಿಸಿದರೆ ಉಪ್ಪು ಅತಿಯಾಗಿ ಅಪಾಯ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್. ಆರ್‌ಒ ನೀರು ಹಿಡಿದಿಟ್ಟರೆ ಸಾಕಲ್ಲವೇ?

ಆರ್‌ಒ ಯಂತ್ರ ಕ್ಲೋರಿನ್ ಅನ್ನೂ ತೆಗೆದುಬಿಡುತ್ತದೆ. ಕುದಿಸಿದ ನೀರಿಗೆ ಹೇಳಿದ ಮಾತೇ ಇದಕ್ಕೂ. ಹಿಡಿದಿಡುವುದಾದರೆ ಮಾತ್ರೆ ಹಾಕಿ, ಇಲ್ಲವೇ ಸೀಲ್ ಒಡೆಯದ ಬಾಟಲಿ ನೀರು ಇಡಿ.

ಪ್ರಶ್ನೆ: ಕೃಷ್ಣಾ ಹೊಳೆ ಬಂದು ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು? ಪಂಚಾಯ್ತಿಯವರು ಅಂದಾಜಿನ ಮೇಲೆ ಸುರಿದು ಹೋದರು. (ಜಮಖಂಡಿ)

ಬಗ್ಗಡ ನೀರನ್ನು ಮೊದಲು ಪಂಪ್ ಮಾಡಿ ಹೊರಹಾಕಿ. ಹೊಸ ನೀರು ಊರಿದ ಮೇಲೆ ಬಾವಿಯ ಅಡ್ಡಳತೆ, ನೀರಿನ ಆಳ ಮೀಟರ್‌ನಲ್ಲಿ ಅಳೆಯಿರಿ. ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ಅದನ್ನು ಆಳದಿಂದ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಬರುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ 9420 ಲೀಟರ್. ಸಾವಿರ ಲೀಟರ್‌ಗೆ 2.5 ಗ್ರಾಂ ಒಳ್ಳೆಯ ಪುಡಿಯಂತೆ ಸುಮಾರು 24 ಗ್ರಾಂ. ಪುಡಿಯನ್ನು ನೇರ ಬಾವಿಗೆ ಸುರಿದರೆ ಸುಣ್ಣದ ಗಸಿ ತಳಕ್ಕಿಳಿದು ನೀರು ಗಡಸಾಗುತ್ತದೆ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಐದರಿಂದ ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಸಿದು, ಅದನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆ ನೀರು ಸೇದಬಾರದು. ಆಮೇಲೆ ಕ್ಲೋರಿನ್ ಪರೀಕ್ಷೆಯ ಕಿಟ್‌ನಿಂದ ನೋಡಿದರೆ ಲೀಟರ್‌ಗೆ 0.5 ಮಿ.ಗ್ರಾಂ ಉಳಿಕೆ ಸಿಗಬೇಕು. ನೆರೆ ನೀರಿನ ಕೊಳೆಯೇ ಕ್ಲೋರಿನ್ ನುಂಗುವುದರಿಂದ ಮೊದಲ ಸಲಕ್ಕೇ ಸಿಗದಿರಬಹುದು. ಸಿಗುವವರೆಗೆ ಅದೇ ಪ್ರಮಾಣ ಮತ್ತೆ ಹಾಕಿ.

ಪುಡಿಯನ್ನೂ ನೋಡಿ ಕೊಳ್ಳಿ. ಹೊಸದರಲ್ಲಿ ಕ್ಲೋರಿನ್ ಶೇ 33ರಷ್ಟಿರುತ್ತದೆ. ಬಾಯಿ ಬಿಚ್ಚಿದ ಚೀಲ ತೇವ ಹಿಡಿದು ಗಡ್ಡೆಗಟ್ಟಿದ್ದರೆ, ಮೂಗಿಗೆ ಘಾಟು ಹೊಡೆಯದಿದ್ದರೆ ಅದರಲ್ಲಿ ಉಳಿದಿರುವುದು ಬಹುಪಾಲು ಸುಣ್ಣ. ವಾಪಸ್ ಕಳಿಸಿ ಬೇರೆ ಚೀಲ ಕೇಳಿ.