ಬಾಯಿಗೆ ಬಾರದ ಸ್ತೋತ್ರ

ಪ್ರಶ್ನೆ: ನನಗೆ 41 ವರ್ಷ, ಊರು ಗದಗದ ಹತ್ತಿರ. ನಮ್ಮ ಯಜಮಾನರ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಅವರ ಗ್ಯಾರೇಜು ಮುಚ್ಚಿ, ಈಗ ನನ್ನ ಹೊಲಿಗೆಯಿಂದಲೇ ಮನೆ ನಡೆಯುತ್ತಿದೆ. ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಕೂಟದಲ್ಲಿ ಎಲ್ಲರೂ ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ ಉಪಕಾರ, ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಾರೆ. ನನ್ನ ಸರದಿ ಬಂದರೆ ಗಂಟಲು ಕಟ್ಟುತ್ತದೆ. ‘ನೀನು ಮನಸಾರೆ ಸ್ತೋತ್ರ ಹೇಳುವುದಿಲ್ಲ, ಅದಕ್ಕೇ ನನ್ನ ಮಗನಿಗೆ ಗುಣವಾಗುತ್ತಿಲ್ಲ’ ಎನ್ನುತ್ತಾರೆ ಅತ್ತೆ. ಯಜಮಾನರಂತೂ ಸೂಜಿ ಚುಚ್ಚುವಾಗಲೂ ‘ಸ್ತೋತ್ರ ಕರ್ತನೇ’ ಎನ್ನುತ್ತಾರೆ. ಅದು ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ನನ್ನ ವಿಶ್ವಾಸ ಸತ್ತುಹೋಗಿದೆಯೇ? ಕೂಟಕ್ಕೆ ಹೋಗುವುದನ್ನು ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಅತ್ತೆಯವರ ಮಾತನ್ನು ಮೊದಲು ಇತ್ಯರ್ಥ ಮಾಡೋಣ. ಮೂತ್ರಪಿಂಡ ಕೆಡುವುದಕ್ಕೆ ಹೆಚ್ಚಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಕಾರಣ. ಸೊಸೆ ಸ್ತೋತ್ರ ಹೇಳದಿರುವುದು ಯಾವ ವೈದ್ಯರ ಪಟ್ಟಿಯಲ್ಲೂ ಇಲ್ಲ. ಬೈಬಲಿನಲ್ಲಿ, ಕಷ್ಟದ ಮೇಲೆ ಕಷ್ಟ ಅನುಭವಿಸಿದ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಒಳ್ಳೆಯ ಹೆಸರು ಉಳಿಯುತ್ತಿತ್ತು! ಬಾಯಿ ತೆರೆದು, ನಿನ್ನ ಪಾಪಕ್ಕೇ ಈ ಕಷ್ಟ ಎಂದು ವಾದಕ್ಕಿಳಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ಅಷ್ಟೆಲ್ಲ ಜಗಳವಾಡಿದ ಯೋಬನ ಮೇಲಲ್ಲ. ಆದರೆ ಇದನ್ನು ಅತ್ತೆಯವರ ಮುಂದೆ ಓದಲು ಹೋಗಬೇಡಿ. ಮಗನ ಸ್ಥಿತಿಯನ್ನು ನೋಡಲಾಗದ ತಾಯಿ ಕಾರಣ ಹುಡುಕುತ್ತಿದ್ದಾರೆ, ಕೈಗೆ ಸಿಕ್ಕವರು ನೀವು. ‘ಅತ್ತೆ, ನನಗೂ ಭಯವಾಗಿದೆ’ ಎಂದಷ್ಟೇ ಹೇಳಿ ನೋಡಿ.

ಇನ್ನು ಕೂಟದ ವಿಷಯ. ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂಬ ವಚನವನ್ನು ನಿಮಗೆ ಎಷ್ಟು ಜನ ಹೇಳಿರಬಹುದೆಂದು ಊಹಿಸಬಲ್ಲೆ. ಅದು ಥೆಸಲೊನೀಕ ಎಂಬ ಊರಿನ ವಿಶ್ವಾಸಿಗಳಿಗೆ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿದೆ. ಅದನ್ನು ಹೇಳುವವರು ಮೂರನೆಯ ಅಧ್ಯಾಯವನ್ನೂ ಓದಬೇಕು. ಆ ಊರಿನ ವಿಶ್ವಾಸಿಗಳು ಸ್ವಂತ ಜನರಿಂದಲೇ ಹಿಂಸೆ ಅನುಭವಿಸುತ್ತಿದ್ದರು. ಅವರ ಸುದ್ದಿ ತಿಳಿಯದೆ ಪೌಲನಿಗೆ ತಾಳಲಾಗಲಿಲ್ಲ. ತಾನು ಅಥೇನೆಯಲ್ಲಿ ಒಂಟಿಯಾಗಿ ಉಳಿದರೂ ಸರಿ ಎಂದು, ಜೊತೆಗಿದ್ದ ತಿಮೊಥೆಯನನ್ನು ಅವರನ್ನು ಬಲಪಡಿಸಲು ಕಳುಹಿಸಿದ. ಅವನು ಹೋಗಿ ನೋಡಿ ಮರಳಿದ ಮೇಲೆಯೇ ಈ ಪತ್ರ ಹೊರಟದ್ದು. ಮೊದಲು ಮನುಷ್ಯ ಹೋದ, ಆಮೇಲೆ ವಚನ ಹೋಯಿತು. ನಿಮ್ಮ ಸಭೆಯವರು ವಚನವನ್ನಷ್ಟೇ ಕಳುಹಿಸಿದ್ದಾರೆ, ತಿಮೊಥೆಯ ಇನ್ನೂ ಬಂದಿಲ್ಲ. ನಿಮ್ಮ ಗಂಟಲು ಕಟ್ಟುವುದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಯಜಮಾನರ ಸ್ತೋತ್ರ ಬೇರೆಯೇ. ಅದನ್ನು ಅವರಿಂದ ಕಸಿಯಬೇಡಿ. ಪ್ರತಿ ಸಲವೂ ಸುಮಾರು ನಾಲ್ಕು ತಾಸು ಯಂತ್ರಕ್ಕೆ ಕಟ್ಟಿಬಿದ್ದು, ದುಡಿಮೆಯೂ ಕೈತಪ್ಪಿ ಮಲಗಿರುವ ಮನುಷ್ಯನಿಗೆ ತಾನಾಗಿ ಮಾಡಬಹುದಾದ ಕೆಲಸ ಅದೊಂದೇ ಉಳಿದಿರಬಹುದು. ಆದರೂ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರು ಸ್ತೋತ್ರ ಹೇಳುತ್ತಾ ಹೋದಷ್ಟೂ, ಅಳುವ ಪಾಲು ಪೂರ್ತಿ ನಿಮ್ಮೊಬ್ಬರ ತಲೆಗೆ ಬರುತ್ತದೆ, ಅಲ್ಲವೇ? ಒಂದು ರಾತ್ರಿ ಬೈಬಲಿನ 13ನೆಯ ಕೀರ್ತನೆಯನ್ನು ಇಬ್ಬರೂ ಹಂಚಿಕೊಂಡು ಓದಿ. ಇರುವುದು ಆರೇ ವಚನ. ಎಲ್ಲಿಯ ತನಕ ಹೀಗೆ ಎಂದು ದಾವೀದ ಆರಂಭದಲ್ಲೇ ನಾಲ್ಕು ಸಲ ದೇವರನ್ನು ಕೇಳುತ್ತಾನೆ. ಆ ಮೊದಲ ನಾಲ್ಕು ವಚನ ನಿಮ್ಮದು, ಭರವಸೆಯ ಕೊನೆಯ ಎರಡು ಅವರದು. ಮರುವಾರ ಅದಲುಬದಲು ಮಾಡಿಕೊಳ್ಳಿ. ನಿಮ್ಮ ಪಾಲನ್ನು ಓದುವಾಗ ಅವರ ಧ್ವನಿಯೂ ನಡುಗೀತು, ನಡುಗಲಿ.

ಕಾಯಿಲೆ ಬಂದದ್ದಕ್ಕೆ ಸ್ತೋತ್ರ ಹೇಳಲು ನಿಮ್ಮನ್ನು ಯಾರೂ ಒತ್ತಾಯಿಸುವಂತಿಲ್ಲ. ಸತ್ತ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ತಂದೆಗೆ ಸ್ತೋತ್ರ ಸಲ್ಲಿಸಿದ್ದು ಕಣ್ಣೀರು ಹಾಕಿದ ನಂತರ. ನಿಮಗೆ ನಿಜವಾಗಿ ಹೌದೆನಿಸಿದ್ದಕ್ಕೆ ಮಾತ್ರ ಹೇಳಿ: ಹೊಲಿಗೆಯ ಬಾಕಿ ಹಣ ಬಂತು, ಇವತ್ತು ಅವರಿಗೆ ಸುಸ್ತು ಕಡಿಮೆ. ಏನೂ ತೋಚದ ದಿನ ಬಿಟ್ಟುಬಿಡಿ.

ಎರಡು ಲೌಕಿಕ ಮಾತುಗಳು. ಖಾಸಗಿ ಆಸ್ಪತ್ರೆಗೆ ಹಣ ಸುರಿಯುತ್ತಿದ್ದರೆ, ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ಸಿಗುವುದೇನೆಂದು ರೇಷನ್ ಕಾರ್ಡ್, ಆಧಾರ್ ಹಿಡಿದು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ನಿದ್ರೆ ಹೋಗಿ, ಬದುಕೇ ಬೇಡವೆನಿಸಿದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಕೂಟವನ್ನು ಈಗಲೇ ಬಿಡಬೇಡಿ. ಮುಂದಿನ ಸಲ ನಿಮ್ಮ ಸರದಿ ಬಂದಾಗ ಸಾಕ್ಷಿಯ ಬದಲು ಹೀಗೆ ಕೇಳಿ: ‘ಅಕ್ಕಂದಿರೇ, ವಾರದಲ್ಲಿ ಒಂದು ದಿನ ನಮ್ಮ ಯಜಮಾನರನ್ನು ಡಯಾಲಿಸಿಸ್‌ಗೆ ನಿಮ್ಮ ಮನೆಯವರು ಯಾರಾದರೂ ಕರೆದುಕೊಂಡು ಹೋಗಬಹುದೇ? ನಾನು ಆ ದಿನ ಕುಳಿತು ಹೊಲಿಯುತ್ತೇನೆ.’ ಯಾರೂ ಮುಂದೆ ಬರದಿದ್ದರೆ ಸಭಾಪಾಲಕರ ಬಳಿ ಹೋಗಿ ಅದನ್ನೇ ಕೇಳಿ. ಅಲ್ಲಿಯೂ ಉತ್ತರ ಸಿಗದಿದ್ದರೆ, ಕೂಟ ಬಿಡುವ ಮಾತನ್ನು ಆಗ ಯೋಚಿಸೋಣ, ಬರೆಯಿರಿ.