ಈಟಿ ಹಿಡಿದು ಸಮುದ್ರಕ್ಕೆ: ಸಿಲಿಂಡರ್ ಬೇಕಾ, ಉಸಿರು ಸಾಕಾ?

ಪ್ರಶ್ನೆ: ನಾನು ಗೋವಾದ ವಾಸ್ಕೋದ ಬೈನಾದಲ್ಲಿ ಇರುವವನು, ಊರು ಬಾಗಲಕೋಟೆ ಕಡೆ. ಈಜು ಚೆನ್ನಾಗಿ ಬರುತ್ತದೆ. ಗ್ರ್ಯಾಂಡ್ ಐಲ್ಯಾಂಡ್‌ನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಮಾಡಿ ರುಚಿ ಹತ್ತಿ, ಆಮೇಲೆ ಕೋರ್ಸ್ ಕೂಡ ಮುಗಿಸಿದೆ. ಈಗ ನೀರೊಳಗೆ ಈಟಿಯಿಂದ ಮೀನು ಹೊಡೆಯುವ ಸ್ಪಿಯರ್‌ಫಿಶಿಂಗ್ ಕಲಿಯುವ ಆಸೆ. ಗೆಳೆಯನೊಬ್ಬ ‘ಸಿಲಿಂಡರ್ ಇದ್ದರೆ ಮುಕ್ಕಾಲು ಗಂಟೆ ಕೆಳಗೇ ಇರಬಹುದು, ಅದೇ ಸೇಫ್’ ಎನ್ನುತ್ತಾನೆ. ಇನ್ನೊಬ್ಬ ‘ಉಸಿರು ಹಿಡಿದು ಹೊಡೆದರೇ ಬೇಟೆ, ಉಳಿದದ್ದು ಕಟುಕತನ’ ಎನ್ನುತ್ತಾನೆ. ಮಂಚದ ಮೇಲೆ ಮಲಗಿ ನಾನು ಎರಡು ನಿಮಿಷ ಉಸಿರು ಹಿಡಿಯಬಲ್ಲೆ. ಯಾರ ಮಾತು ಕೇಳಲಿ?

ಉತ್ತರ: ಎರಡನೆಯವರ ಮಾತು ಕೇಳಿ. ಆದರೆ ಅವರು ಹೇಳಿದ ಕಾರಣಕ್ಕಲ್ಲ, ಮತ್ತು ನಾಳೆಯೇ ಅಲ್ಲ.

ಮೊದಲು ‘ಸೇಫ್’ ಎನ್ನುವ ಮಾತಿಗೆ ಬರೋಣ. ಸ್ಕೂಬಾ ಸೇಫ್ ಅನಿಸುವುದು ಯಾಕೆಂದರೆ ಬಾಯಲ್ಲಿ ಗಾಳಿ ಬರುತ್ತಲೇ ಇರುತ್ತದೆ. ಸುಮ್ನೆ ತೇಲುತ್ತಾ ಮೀನು ನೋಡುವವರಿಗೆ ಅದು ನಿಜವೂ ಹೌದು. ಕೈಗೆ ಈಟಿ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. 12 ಲೀಟರ್ ಟ್ಯಾಂಕ್‌ನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2400 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಮೀಸಲು ಬಿಟ್ಟರೆ ಉಳಿಯುವುದು 1800 ಲೀಟರ್. ಶಾಂತವಾಗಿ ಇರುವವರು ಮೇಲೆ ನಿಮಿಷಕ್ಕೆ 20 ಲೀಟರ್ ಎಳೆದರೆ, 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು ಆಗಿರುವುದರಿಂದ ಅದೇ ಉಸಿರಾಟಕ್ಕೆ 40 ಲೀಟರ್ ಬೇಕು. ನಿಮ್ಮ ಗೆಳೆಯ ಹೇಳಿದ ಮುಕ್ಕಾಲು ಗಂಟೆ ಬಂದದ್ದು ಇಲ್ಲಿಂದ. ಆದರೆ ಮೀನಿನ ಹಿಂದೆ ಓಡುವವರು ಶಾಂತವಾಗಿ ಇರುವುದುಂಟೇ? ಉಸಿರಾಟ ಎರಡು ಪಟ್ಟಾದರೆ ಮುಕ್ಕಾಲು ಗಂಟೆ ಇಪ್ಪತ್ತು ನಿಮಿಷ ಚಿಲ್ಲರೆಗೆ ಇಳಿಯುತ್ತದೆ. ಆ ಹೊತ್ತಿಗೆ ಕಣ್ಣು ಇರುವುದು ಮೀನಿನ ಮೇಲೆ, ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಗೇಜ್ ಮೇಲೆ ಅಲ್ಲ.

ಇನ್ನೂ ದೊಡ್ಡ ಅಪಾಯ ಮೇಲೆ ಬರುವಾಗಿನದು. ಉಸಿರು ಹಿಡಿದು ಮುಳುಗುವವರ ಎದೆಯಲ್ಲಿ 6 ಲೀಟರ್ ಗಾಳಿ ಇದ್ದರೆ ಅದು 10 ಮೀಟರ್‌ನಲ್ಲಿ ಕುಗ್ಗಿ 3 ಲೀಟರ್ ಆಗುತ್ತದೆ, ಮೇಲೆ ಬಂದಾಗ ಮತ್ತೆ 6 ಆಗುತ್ತದೆ. ಇದ್ದದ್ದಕ್ಕಿಂತ ಜಾಸ್ತಿ ಆಗಲು ಸಾಧ್ಯವೇ ಇಲ್ಲ. ಸ್ಕೂಬಾದವರು ಹಾಗಲ್ಲ. 10 ಮೀಟರ್‌ನಲ್ಲೇ ಟ್ಯಾಂಕ್‌ನಿಂದ ಎದೆ ತುಂಬ 6 ಲೀಟರ್ ಎಳೆದುಕೊಂಡು, ಗುರಿ ಇಡುವ ಭರದಲ್ಲಿ ಉಸಿರು ಬಿಗಿಹಿಡಿದು, ಹಾಗೇ ಮೀನಿನ ಹಿಂದೆ ಮೇಲಕ್ಕೆ ಹೋದರೆ ಆ ಗಾಳಿ 12 ಲೀಟರ್ ಆಗಲು ಹೊರಡುತ್ತದೆ. ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ನುಗ್ಗಿ ಮಿದುಳಿಗೆ ಹೋಗಬಹುದು. ಇದಕ್ಕೆ ಆಳವೇ ಬೇಕಿಲ್ಲ, ತುಂಬಿದ ಎದೆಯಲ್ಲಿ ಒಂದೆರಡು ಮೀಟರ್ ಸಾಕು. ಸ್ಕೂಬಾದ ಮೊದಲ ಪಾಠವೇ ‘ಉಸಿರು ಹಿಡಿಯಬೇಡಿ’. ಗುರಿ ಇಡುವವರ ಸಹಜ ಅಭ್ಯಾಸವೇ ಉಸಿರು ಹಿಡಿಯುವುದು. ಈ ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡು ನೀರಿಗೆ ಇಳಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಜೊತೆಗೆ ಮೇಲೆ ಬರುವ ವೇಗ, ಬೇಗ ಬಂದರೆ ಮೈಯಲ್ಲಿ ಸೇರಿದ ಸಾರಜನಕ ಗುಳ್ಳೆಯಾಗುತ್ತದೆ. ನಿಮಿಷಕ್ಕೆ ಸುಮಾರು 9 ಮೀಟರ್‌ಗಿಂತ ಜೋರಾಗಿ ಬರಬಾರದು, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕು. ಕೋರ್ಸ್‌ನಲ್ಲಿ ಇದನ್ನೆಲ್ಲ ಕಲಿತೇ ಇರುತ್ತೀರಿ. ಈಟಿಗೆ ಸಿಕ್ಕಿದ ಮೀನು ಒದ್ದಾಡುತ್ತಿರುವಾಗ, ದಾರ ಕಾಲಿಗೋ ಬಾಯಿಗೆ ಗಾಳಿ ತರುವ ರೆಗ್ಯುಲೇಟರ್ ಕೊಳವೆಗೋ ಸುತ್ತಿಕೊಂಡಿರುವಾಗ ಯಾರು ಮೂರು ನಿಮಿಷ ಎಣಿಸುತ್ತಾ ಕೂರುತ್ತಾರೆ ಹೇಳಿ.

ಇನ್ನು ಮೀನಿನ ಕಡೆಯಿಂದ ನೋಡಿ. ಕಲ್ಲು ಪೊಟರೆಯಲ್ಲಿ ಕೂರುವ ಗೊಬ್ರೊ ಇದೆಯಲ್ಲ, ನಮ್ಮ ಕಡೆ ಮುರು ಎನ್ನುವ ಜಾತಿ, ಅದಕ್ಕೆ ಇರುವ ರಕ್ಷಣೆ ಎರಡೇ: ಆಳ ಮತ್ತು ಬಿಲ. ಉಸಿರು ಹಿಡಿದವರು ಒಂದು ಬಿಲ ನೋಡುವಷ್ಟರಲ್ಲಿ ಮೇಲೆ ಹೋಗಲೇಬೇಕು. ಸಿಲಿಂಡರ್ ಇದ್ದವರು ಬಿಲದಿಂದ ಬಿಲಕ್ಕೆ ಹೋಗುತ್ತಾ ಇಡೀ ಬಂಡೆಯನ್ನೇ ಖಾಲಿ ಮಾಡಬಹುದು. ಗೊಬ್ರೊ ಜಾತಿಯ ಹೆಚ್ಚಿನ ಮೀನುಗಳು ಹುಟ್ಟುವಾಗ ಹೆಣ್ಣು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಬೇಟೆಗಾರರು ಆರಿಸುವುದು ಯಾವುದನ್ನು? ದೊಡ್ಡದನ್ನೇ. ಹಾಗಾಗಿ ನಾಲ್ಕು ಮೀನು ಹೊಡೆದರೂ ಆ ಬಂಡೆಯಲ್ಲಿದ್ದ ಗಂಡುಗಳೆಲ್ಲ ಹೋಗಿರಬಹುದು. ಇಟಲಿ, ಫ್ರಾನ್ಸ್, ಸ್ಪೇನ್‌ಗಳಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ಕೂಬಾ ಹಾಕಿಕೊಂಡು ಈಟಿ ಬೇಟೆ ಮಾಡುವಂತಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳೂ ಉಸಿರು ಹಿಡಿದೇ ನಡೆಯುತ್ತವೆ. ಎಲ್ಲ ಕಡೆ ಹೀಗಿಲ್ಲ, ಫ್ಲೋರಿಡಾದಲ್ಲಿ ಬಹುತೇಕ ನೀರಿನಲ್ಲಿ ಸ್ಕೂಬಾ ಬೇಟೆಗೆ ಅವಕಾಶ ಇದೆ. ಅಲ್ಲಿ ನಮ್ಮ ಕಡೆಯ ಸಮುದ್ರದಿಂದ ಹೋಗಿ ಬೀಡುಬಿಟ್ಟ ಲಯನ್‌ಫಿಶ್ ಸ್ಥಳೀಯ ಮರಿಗಳನ್ನೆಲ್ಲ ತಿಂದು ಹಾಕುತ್ತಿರುವುದರಿಂದ, ಡೈವರ್‌ಗಳಿಗೆ ಅದನ್ನು ಹೊಡೆಯಿರಿ ಎಂದೇ ಹೇಳುತ್ತಾರೆ. ಅಂಥ ಕೆಲಸಕ್ಕೆ ಸಿಲಿಂಡರ್ ಸರಿ. ನಮ್ಮಲ್ಲಿ ಲಯನ್‌ಫಿಶ್ ಮನೆಯ ಮೀನು, ಅದನ್ನು ಅದರ ಪಾಡಿಗೆ ಬಿಡಿ.

‘ಸ್ಕೂಬಾದಲ್ಲಿ ಮೀನು ಜಾಸ್ತಿ ಸಿಗುತ್ತದೆ’ ಎನ್ನುವುದೂ ಅರ್ಧ ನಿಜ. ಬಿಲದ ಮೀನು ಸಿಗುತ್ತದೆ. ತೆರೆದ ನೀರಿನ ಇಸ್ವಾಣದಂಥ ಮೀನು ಗುಳ್ಳೆಯ ಸದ್ದಿಗೇ ದೂರ ಸರಿಯುತ್ತದೆ. ಉಸಿರು ಹಿಡಿದು ತಳದಲ್ಲಿ ಅಲ್ಲಾಡದೆ ಮಲಗಿದರೆ ‘ಇದೇನಪ್ಪಾ’ ಎಂದು ನೋಡಲು ಮೀನೇ ಹತ್ತಿರ ಬರುತ್ತದೆ. ಅಲ್ಲಿ ಓಡಿದವರಿಗೆ ಏನೂ ಇಲ್ಲ.

ಹಾಗಾದರೆ ಉಸಿರು ಹಿಡಿಯುವುದು ಸೇಫಾ? ಇಲ್ಲ ಸ್ವಾಮಿ. ಅದರ ಅಪಾಯ ಬೇರೆ ಥರದ್ದು, ಮತ್ತು ಅದು ಹೇಳಿ ಕೇಳಿ ಬರುವುದಿಲ್ಲ. ನಿಮ್ಮ ಮಂಚದ ಎರಡು ನಿಮಿಷವನ್ನು ಮರೆತುಬಿಡಿ. ಮಂಚದ ಮೇಲೆ ನೀವು ಕಾಲು ಬಡಿಯುತ್ತಿರಲಿಲ್ಲ, ಮೀನು ಎಳೆಯುತ್ತಿರಲಿಲ್ಲ, ಎಚ್ಚರ ತಪ್ಪಿದರೂ ಮುಳುಗುತ್ತಿರಲಿಲ್ಲ.

‘ಉಸಿರು ಬೇಕು’ ಎಂದು ಮೈ ಕೂಗುವುದು ಆಮ್ಲಜನಕ ಮುಗಿಯಿತು ಎಂದಲ್ಲ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಯಿತು ಎಂದು. ಕೆಲವರು ಮುಳುಗುವ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡುತ್ತಾರೆ, ಅದರಿಂದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ, ಅಂದರೆ ಎಚ್ಚರಿಕೆಯ ಗಂಟೆಯನ್ನೇ ಬಿಚ್ಚಿಟ್ಟು ಕೆಳಗೆ ಹೋದ ಹಾಗೆ. ಆಳದಲ್ಲಿ ಇರುವಷ್ಟು ಹೊತ್ತು ನೀರಿನ ಒತ್ತಡವೇ ಎದೆಯಲ್ಲಿ ಉಳಿದ ಚೂರುಪಾರು ಆಮ್ಲಜನಕವನ್ನು ರಕ್ತಕ್ಕೆ ಒತ್ತುತ್ತಿರುತ್ತದೆ, ಹಾಗಾಗಿ ಹಾಯಾಗೇ ಇರುತ್ತೀರಿ. ಮೇಲೆ ಬರುವಾಗ ಆ ಒತ್ತಡ ಇಳಿಯುತ್ತದೆ. 10 ಮೀಟರ್‌ನಿಂದ ಮೇಲಕ್ಕೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಈ ಕೊನೆಯ ಹತ್ತು ಮೀಟರ್‌ನಲ್ಲೇ, ಕೆಲವೊಮ್ಮೆ ತಲೆ ನೀರಿನಿಂದ ಹೊರಬಂದ ಮೇಲೂ, ದೀಪ ಆರಿದಂತೆ ಎಚ್ಚರ ತಪ್ಪುತ್ತದೆ. ಇದಕ್ಕೆ ಬ್ಲ್ಯಾಕೌಟ್ ಎನ್ನುತ್ತಾರೆ. ಪಕ್ಕದಲ್ಲಿ ಜನ ಇದ್ದರೆ ಮುಖ ಮೇಲೆತ್ತಿ, ಮಾಸ್ಕ್ ತೆಗೆದು, ಕರೆದು ತಟ್ಟಿದರೆ ಹೆಚ್ಚಿನವರು ಎಚ್ಚರಾಗುತ್ತಾರೆ. ಇಲ್ಲದಿದ್ದರೆ ಹೆಣ.

ಅದಕ್ಕೇ ಇಬ್ಬರು ಬೇಕು. ಒಬ್ಬರು ಕೆಳಗೆ, ಒಬ್ಬರು ಮೇಲೆ. ಇಬ್ಬರೂ ಒಟ್ಟಿಗೆ ಮುಳುಗುವುದು ಒಬ್ಬರೇ ಹೋದದ್ದಕ್ಕೆ ಸಮ. ಮೇಲೆ ಬಂದವರನ್ನು ಇನ್ನೂ ಅರ್ಧ ನಿಮಿಷ ಕಣ್ಣಿಟ್ಟು ನೋಡಬೇಕು. ಕೆಳಗಿದ್ದ ಹೊತ್ತಿನ ಎರಡು ಪಟ್ಟಾದರೂ ಮೇಲೆ ವಿಶ್ರಾಂತಿ ತೆಗೆದುಕೊಳ್ಳಬೇಕು. ಮುಳುಗಲು ಸೊಂಟಕ್ಕೆ ಕಟ್ಟುವ ಬೆಲ್ಟ್‌ನ ಭಾರ ಎಷ್ಟಿರಬೇಕೆಂದರೆ, ಉಸಿರು ಪೂರ್ತಿ ಬಿಟ್ಟರೂ ನೀರಿನ ಮೇಲೆ ತೇಲುವಷ್ಟು, ಮತ್ತು ಒಂದೇ ಕೈಯಲ್ಲಿ ಎಳೆದರೆ ಬೆಲ್ಟ್ ಕಳಚಿ ಬೀಳಬೇಕು. ಈಟಿಗೆ ಕಟ್ಟಿದ ದಾರದ ಇನ್ನೊಂದು ತುದಿ ಮೇಲಿನ ತೇಲುಬುರುಡೆಗೆ ಇರಲಿ. ಮೀನು ಬಿಲದಲ್ಲಿ ಸಿಕ್ಕಿಕೊಂಡರೆ ‘ಇನ್ನೊಂದು ಸಲ ಎಳೆದು ನೋಡೋಣ’ ಎನ್ನುವ ಆಸೆ ಬಂದೇ ಬರುತ್ತದೆ, ಆಗ ಈಟಿ ಹಾರಿಸುವ ಸ್ಪಿಯರ್‌ಗನ್ ಬಿಟ್ಟು ಬರಿಗೈಯಲ್ಲಿ ಮೇಲೆ ಬನ್ನಿ. ದಾರ ಎಲ್ಲಿಗೂ ಹೋಗುವುದಿಲ್ಲ. ಆ ಬುರುಡೆ ಇನ್ನೊಂದಕ್ಕೂ ಬೇಕು, ನಮ್ಮ ಕಡೆ ಡಾಲ್ಫಿನ್ ತೋರಿಸುವ ದೋಣಿಗಳೂ ಜೆಟ್ ಸ್ಕೀಗಳೂ ಕೆಳಗೆ ಯಾರಿದ್ದಾರೆಂದು ನೋಡಿ ಓಡಿಸುವುದಿಲ್ಲ.

ಕಿವಿಯ ಮಾತೂ ಇದೆ. ಸ್ಕೂಬಾದಲ್ಲಿ ನೆಟ್ಟಗೆ ನಿಧಾನ ಇಳಿಯುತ್ತಾ ಮೂಗು ಹಿಡಿದು ಊದಿದರೆ ನಡೆಯುತ್ತದೆ. ತಲೆ ಕೆಳಗಾಗಿ ಬೇಗ ಇಳಿಯುವಾಗ ಆ ಊದು ಕೆಲಸ ಮಾಡುವುದಿಲ್ಲ, ನಾಲಿಗೆಯ ಬುಡದಿಂದ ಗಾಳಿ ಒತ್ತುವ ಫ್ರೆಂಜೆಲ್ ವಿಧಾನ ಕಲಿಯಬೇಕು. ಸ್ಕೂಬಾದಿಂದ ಬಂದವರು ಬಹುತೇಕ ಮುಗ್ಗರಿಸುವುದು ಇಲ್ಲೇ. ನೋವಾದರೆ ತಿರುಗಿ ಬನ್ನಿ, ಒತ್ತಿ ಹೋಗಬೇಡಿ.

ಈಗ ಗೋವಾಕ್ಕೆ ಬರೋಣ. ಜುವಾರಿ, ಮಾಂಡವಿ ಹೊಳೆಗಳು ತಂದು ಸುರಿಯುವ ಕೆಸರಿನಿಂದ ಇಲ್ಲಿ ಒಳ್ಳೆಯ ದಿನದಲ್ಲೂ ನಾಲ್ಕೈದು ಮೀಟರ್ ಕಂಡರೆ ಪುಣ್ಯ. ಮೇಲಿನ ಜೊತೆಗಾರರಿಗೆ ನೀವು ಕಾಣದ ಆಳಕ್ಕೆ ಹೋದರೆ ಜೊತೆ ಇದ್ದೂ ಇಲ್ಲದ ಹಾಗೆ. ಈಟಿಯ ಮುಂದೆ ಇರುವುದು ಮೀನೋ, ಇನ್ನೊಬ್ಬರು ಕಾಲಿಗೆ ಹಾಕಿದ ಫಿನ್ನೋ ಗೊತ್ತಾಗದಿದ್ದರೆ ಬೆರಳು ಗನ್‌ನ ಕುದುರೆಯ (ಟ್ರಿಗರ್) ಮೇಲೆ ಹೋಗಲೇಬಾರದು. ಗ್ರ್ಯಾಂಡ್ ಐಲ್ಯಾಂಡ್ ಹತ್ತಿರವಂತೂ ಬೇಡವೇ ಬೇಡ, ಸೀಸನ್‌ನಲ್ಲಿ ಅಲ್ಲಿ ಮೀನಿಗಿಂತ ಪ್ರವಾಸಿಗರೇ ಜಾಸ್ತಿ, ಅದರಲ್ಲೂ ಮೊದಲ ಸಲ ನೀರಿಗೆ ಇಳಿದವರು. ಗನ್ ಅನ್ನು ನೀರಿನಿಂದ ಹೊರಗೆ, ದೋಣಿಯಲ್ಲಿ, ಎಂದೂ ಲೋಡ್ ಮಾಡಬಾರದು ಎನ್ನುವುದು ಹೇಳದೆಯೂ ಗೊತ್ತಿರಬೇಕಾದ ಮಾತು, ಆದರೂ ಹೇಳುತ್ತೇನೆ.

ಮೊದಲು ಪಣಜಿಯ ಮೀನುಗಾರಿಕೆ ಇಲಾಖೆಗೆ ಹೋಗಿ, ನೀವು ಇಳಿಯಬೇಕೆಂದಿರುವ ಜಾಗದ ಹೆಸರು ಹೇಳಿ, ಅಲ್ಲಿ ಇದಕ್ಕೆ ಅವಕಾಶ ಇದೆಯಾ ಎಂದು ಬರಹದಲ್ಲೇ ಕೇಳಿ. ಇಲ್ಲಿ 1980ರ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ವಾಸ್ಕೋ ಸುತ್ತ ಬಂದರು ಇದೆ, ನೌಕಾಪಡೆ ಇದೆ. ಬೈನಾದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ದೈತ್ಯ ಗೊಬ್ರೊ, ಅಂದರೆ ಆಳೆತ್ತರ ಬೆಳೆಯುವ ಜಾತಿ, 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿದೆ. ಎಳೆಯದನ್ನು ಬೇರೆ ಗೊಬ್ರೊಗಳಿಂದ ಗುರುತಿಸುವುದು ಕಷ್ಟ, ಗುರುತು ಸಿಗದಿದ್ದರೆ ಹೊಡೆಯಬೇಡಿ.

ಮೊದಲ ಸೀಸನ್ ಈಟಿ ಇಲ್ಲದೆ ಕಳೆಯಿರಿ. ಫ್ರೀಡೈವಿಂಗ್, ಅಂದರೆ ಉಸಿರು ಹಿಡಿದು ಮುಳುಗುವ, ಕೋರ್ಸ್ ಮಾಡಿ, ಜೊತೆಗಾರರನ್ನು ಎಬ್ಬಿಸುವುದನ್ನು ಕಲಿಯಿರಿ. ಚೊಣಕ್ ತಿನ್ನುವ ಆಸೆಯಷ್ಟೇ ಆದರೆ ಅದು ಹೊಳೆ ಬಾಯಿಯ, ಕಲಕು ನೀರಿನ ಮೀನು, ಒಂದು ಗಾಳ ಕೊಂಡುಕೊಂಡು ದಡದಲ್ಲಿ ಕೂತುಬಿಡಿ.

ಪ್ರಶ್ನೆ: ಬೆಳಗ್ಗೆ ಸ್ಕೂಬಾ, ಮಧ್ಯಾಹ್ನ ಉಸಿರು ಹಿಡಿದು ಮುಳುಗುವುದು, ಒಂದೇ ದಿನ ಎರಡೂ ಮಾಡಬಹುದಾ? – ಮಡಗಾಂವ್‌ನ ಓದುಗರು

ಉತ್ತರ: ಬೇಡ. ಸ್ಕೂಬಾ ಮುಗಿಸಿದ ಮೇಲೆ ಮೈಯಲ್ಲಿ ಸಾರಜನಕ ಉಳಿದಿರುತ್ತದೆ, ಮತ್ತೆ ಮತ್ತೆ ಮುಳುಗಿ ಬೇಗ ಬೇಗ ಮೇಲೆ ಬಂದರೆ ಅದು ಗುಳ್ಳೆಯಾಗುತ್ತದೆ. ಒಂದು ದಿನ ಬಿಡಿ. ಕ್ರಮ ತಿರುಗಿಸಿ, ಮೊದಲು ಸಣ್ಣ ಆಳದಲ್ಲಿ ಉಸಿರು ಹಿಡಿದು, ವಿಶ್ರಾಂತಿ ತೆಗೆದುಕೊಂಡು ಆಮೇಲೆ ಸ್ಕೂಬಾ ಮಾಡಿದರೆ ಅಷ್ಟು ತೊಂದರೆ ಇಲ್ಲ. ಬರೀ ಉಸಿರು ಹಿಡಿಯುವವರಿಗೆ ಗುಳ್ಳೆಯ ಕಾಯಿಲೆ ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಪೆಸಿಫಿಕ್‌ನ ಟುವಾಮೊಟು ದ್ವೀಪಗಳಲ್ಲಿ ದಿನವಿಡೀ ಆಳಕ್ಕೆ ಮುಳುಗುತ್ತಿದ್ದ ಮುತ್ತಿನ ಚಿಪ್ಪು ಹೆಕ್ಕುವವರಿಗೆ ತಲೆಸುತ್ತು, ಲಕ್ವ, ಸಾವು ಕೂಡ ಬಂದದ್ದುಂಟು. ಅಲ್ಲಿನವರು ಅದನ್ನು ‘ತರವಾನಾ’ ಎನ್ನುತ್ತಿದ್ದರು.

ಪ್ರಶ್ನೆ: ಭಾನುವಾರ ಡೈವ್ ಮುಗಿಸಿ ಅಂದೇ ಸಂಜೆ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುತ್ತೇವೆ. ವಿಮಾನ ಹತ್ತಬಾರದು ಎಂದು ಹೇಳಿದ್ದರು, ಕಾರಿಗೆ ತೊಂದರೆ ಇಲ್ಲ ಅಲ್ವಾ? – ಮಾಪುಸಾದ ಓದುಗರು

ಉತ್ತರ: ಇದೆ. ಮೈಗೆ ಗೊತ್ತಾಗುವುದು ಎತ್ತರ, ವಾಹನ ಅಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಆಸುಪಾಸು ಇದೆ, ಘಾಟ್ ದಾರಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಹತ್ತುತ್ತದೆ. ಡೈವ್ ಆದ ಮೇಲೆ 600 ಮೀಟರ್‌ಗಿಂತ ಮೇಲೆ ಹೋಗುವುದಕ್ಕೂ ವಿಮಾನಕ್ಕೆ ಇರುವ ಎಚ್ಚರವೇ ಬೇಕು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಮೂರು ಡೈವ್ ಆದರೆ 18 ಗಂಟೆ ಕೆಳಗೇ ಇರಿ. ಸೋಮವಾರ ಡ್ಯೂಟಿ ಇರುವವರು ಶನಿವಾರವೇ ಡೈವ್ ಮುಗಿಸಿ. ದಾರಿಯಲ್ಲಿ ಕೀಲುನೋವು, ಜೋಮು, ವಿಪರೀತ ಸುಸ್ತು ಶುರುವಾದರೆ ‘ದೋಣಿಯಲ್ಲಿ ಕೂತು ಮೈ ಹಿಡಿದಿದೆ’ ಎಂದು ಮುಂದೆ ಹೋಗದೆ ಘಾಟ್‌ನಿಂದ ಕೆಳಗೆ ಇಳಿಯಿರಿ, 108ಕ್ಕೆ ಫೋನ್ ಮಾಡಿ, ಸ್ಕೂಬಾ ಮಾಡಿದ್ದೇವೆ ಎಂದು ಮೊದಲ ಮಾತಿನಲ್ಲೇ ಹೇಳಿ ಆಕ್ಸಿಜನ್ ಕೇಳಿ.