ಕೈಬಿಡಲು ಹೊರಟಿದ್ದ ರಸಾಯನಶಾಸ್ತ್ರ

(ತಾಯಿ, ಮಗಳ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದೆಂದು ಸಲಹೆ ಕೇಳಲು ಹದಿನಾರು ವರ್ಷದ ಹುಡುಗಿ ತಾಯಿಯ ಜೊತೆ ನನ್ನ ಬಳಿ ಬಂದಿದ್ದಳು. ಶಾಲೆ ಮುಗಿಯಲು ಇನ್ನೆರಡು ವರ್ಷವಿತ್ತು. ಕುಳಿತವಳೇ ನಾಲ್ಕು ಹಾಳೆಗಳನ್ನು ಅಂಟಿಸಿ ಮಾಡಿದ ಕೋಷ್ಟಕವೊಂದನ್ನು ಮೇಜಿನ ಮೇಲೆ ಹರಡಿದಳು. ಹದಿನಾಲ್ಕು ಸಾಲುಗಳು, ವಿಶ್ವವಿದ್ಯಾಲಯ, ಕೋರ್ಸು, ಎದುರಿಗೆ ಬೇಕಾದ ಅಂಕ. ಸಿಗುತ್ತದೆ ಎನಿಸಿದ್ದಕ್ಕೆ ಹಸಿರು, ಅನುಮಾನವಿದ್ದದ್ದಕ್ಕೆ ಹಳದಿ, ಆಗದ್ದಕ್ಕೆ ಕೆಂಪು ಬಳಿದಿದ್ದಳು. ಮಡಿಸಿದ ಗೆರೆಗಳಲ್ಲಿ ಕಾಗದ ಸವೆದು ಅಕ್ಷರಗಳು ಮಾಸಿದ್ದವು. ಎಷ್ಟು ಸಲ ಬಿಚ್ಚಿ ನೋಡಿದ್ದಳೋ!

"ಯಾವುದು ಸುಲಭವಾಗಿ ಸಿಗುತ್ತದೆ ಹೇಳಿಬಿಡಿ ಮೇಡಂ, ಮನೆಯಲ್ಲಿ ದಿನವೂ ಇದೇ ಮಾತು" ಎಂದರು ತಾಯಿ. ಹುಡುಗಿ ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಮುಂದಿನ ವರ್ಷದ ವಿಷಯ ಆಯ್ಕೆಯ ಅರ್ಜಿ, ಶುಕ್ರವಾರ ಕೊಡಬೇಕಾದದ್ದು. ರಸಾಯನಶಾಸ್ತ್ರದ ಚೌಕ ಖಾಲಿ ಇತ್ತು. ಹಿಂದಿನ ಪರೀಕ್ಷೆಯಲ್ಲಿ ಅದರಲ್ಲಿ 58 ಬಂದಿತ್ತು. ಅದನ್ನು ಬಿಟ್ಟರೆ ಸರಾಸರಿ ಏರಿ ಮೂರು ಹಳದಿ ಸಾಲುಗಳು ಹಸಿರಾಗುತ್ತವೆ ಎಂಬುದು ಅವಳ ಲೆಕ್ಕ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಷ್ಟು ಶ್ರದ್ಧೆಯಿಂದ ಮಾಡಿದ ಕೋಷ್ಟಕದಲ್ಲಿ ಕಡ್ಡಾಯ ವಿಷಯಗಳ ಕಲಮೇ ಇರಲಿಲ್ಲ. ಒಂದೊಂದೇ ವಿಶ್ವವಿದ್ಯಾಲಯದ ಪ್ರವೇಶ ನಿಯಮಗಳನ್ನು ಅವಳ ಕೈಯಲ್ಲೇ ಓದಿಸಿದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ್ದು ಎರಡು ಸಾಲುಗಳಿದ್ದವು: ಕಂಪ್ಯೂಟರ್ ಸೈನ್ಸ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್. ಹೆಸರಿನಲ್ಲಿ ಅಕ್ಕತಂಗಿಯರಂತಿದ್ದರೂ ಮೊದಲನೆಯದು ರಸಾಯನಶಾಸ್ತ್ರ ಕೇಳುವುದಿಲ್ಲ. ಎರಡನೆಯದಕ್ಕೆ ಹನ್ನೆರಡನೆಯ ತರಗತಿಯ ಗಣಿತ, ಭೌತಶಾಸ್ತ್ರದ ಜೊತೆಗೆ ರಸಾಯನಶಾಸ್ತ್ರವೂ ಬೇಕೇ ಬೇಕು. ಅವಳ ಮನಸ್ಸಿದ್ದದ್ದು ಎರಡನೆಯದರ ಮೇಲೆ. ಓದುತ್ತಾ ಓದುತ್ತಾ ಅವಳ ಬೆರಳು ಆ ಸಾಲಿನಲ್ಲೇ ನಿಂತುಬಿಟ್ಟಿತು.

ಬೇರೆ ತೊಡಕುಗಳೂ ಹೊರಬಿದ್ದವು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೂ ಪಟ್ಟಿಯಲ್ಲಿದ್ದವು, ಆದರೆ ಪದವಿ ತರಗತಿಗೆ ಒಂದೇ ವರ್ಷ ಎರಡಕ್ಕೂ ಅರ್ಜಿ ಹಾಕುವಂತಿಲ್ಲ. ಅವುಗಳ ಕೊನೆಯ ದಿನಾಂಕ ಅಕ್ಟೋಬರ್ 15. ಅವಳು ಉಳಿದವುಗಳಂತೆ ಜನವರಿ ಎಂದುಕೊಂಡಿದ್ದಳು. ಅಮೆರಿಕದ ಎಲ್ಲ ಸಾಲುಗಳಲ್ಲೂ ಎಸ್‌ಎಟಿ (ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ) ಬೇಕು ಎಂದು ನಮೂದಿಸಿದ್ದಳು. ಎಂಐಟಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಅದನ್ನು 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ ಪ್ರವೇಶ ನಿರ್ಧರಿಸುವಾಗ ಆ ಅಂಕವನ್ನು ನೋಡುವುದೇ ಇಲ್ಲ. ಇನ್ನು ಹಸಿರು ಬಳಿದ ಸಾಲುಗಳಲ್ಲಿ ಹೆಚ್ಚಿನವು ಬರೀ ಕನಿಷ್ಠ ಅರ್ಹತೆಯ ಅಂಕಗಳು. ಅಷ್ಟು ಬಂದರೆ ಅರ್ಜಿಯನ್ನು ಪರಿಗಣಿಸುತ್ತಾರೆ, ಸೀಟು ಕೊಡುತ್ತೇವೆ ಎಂದು ಯಾರೂ ಹೇಳಿಲ್ಲ. ಇದನ್ನು ಕೇಳಿ ತಾಯಿಯ ಮುಖ ಬಾಡಿತು. ಆದರೂ ಹೇಳದೆ ಕಳಿಸುವುದು ನನ್ನಿಂದಾಗದು.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. "ನಿನಗೆ ಬೇಡವಾದದ್ದು ರಸಾಯನಶಾಸ್ತ್ರವೋ, ಆ 58ಓ?" ಎಂದೆ. ತುಂಬ ಹೊತ್ತು ಸುಮ್ಮನಿದ್ದಳು. ಜ್ವರ ಬಂದು ಎರಡು ವಾರ ಶಾಲೆ ತಪ್ಪಿತ್ತಂತೆ. ಆಗಲೇ ತರಗತಿಯಲ್ಲಿ ಮೋಲ್ (ವಸ್ತುವಿನ ಕಣಗಳನ್ನು ಎಣಿಸುವ ಮಾನ) ಲೆಕ್ಕಗಳು ಮುಗಿದುಹೋದವು. ಅಲ್ಲಿಂದ ಮುಂದಿನದೊಂದೂ ತಲೆಗೆ ಹತ್ತಲಿಲ್ಲ, ಕೇಳಲು ನಾಚಿಕೆ. ಇಡೀ ವಿಷಯದ ಮೇಲಿನ ಭಯಕ್ಕೆ ಆ ಒಂದು ಅಧ್ಯಾಯ ಕಾರಣವಾಗಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಕೋಷ್ಟಕದ ಮೊದಲ ಕಲಂ ಕಡ್ಡಾಯ ವಿಷಯಗಳದ್ದಾಗಲಿ, ಅಂಕದ್ದು ಕೊನೆಗೆ ಬರಲಿ. ಅಂಕ ಏರಿಸಿಕೊಳ್ಳಲು ಇನ್ನೂ ಎರಡು ವರ್ಷವಿದೆ. ಬಿಟ್ಟ ವಿಷಯವನ್ನು ಆಮೇಲೆ ಹಿಡಿಯಲು ಹೋದರೆ ಒಂದು ವರ್ಷವೇ ಕಳೆಯಬಹುದು. ನಿಯಮಗಳನ್ನು ನಿನ್ನ ಪರೀಕ್ಷಾ ಮಂಡಳಿಯ ಹೆಸರಿನ ಕೆಳಗೇ ಓದು. ಬೇರೆ ಪಠ್ಯಕ್ರಮದವರ ಅಂಕಗಳನ್ನು ನಿನ್ನದೆಂದು ಬರೆದುಕೊಳ್ಳಬೇಡ (ಎರಡು ಸಾಲುಗಳಲ್ಲಿ ಅವಳು ಅದನ್ನೇ ಮಾಡಿದ್ದಳು). ಅಸ್ಪಷ್ಟವಾಗಿದ್ದರೆ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಉತ್ತರವನ್ನು ಜೋಪಾನವಾಗಿಡು. ಪ್ರತಿ ಸಾಲಿನಲ್ಲೂ ಮಾಹಿತಿ ನೋಡಿದ ದಿನಾಂಕ ಹಾಕು, ಏಕೆಂದರೆ ನಿಯಮಗಳು ಬದಲಾಗುತ್ತವೆ. ಶುಕ್ರವಾರಕ್ಕೆ ಮೊದಲು ರಸಾಯನಶಾಸ್ತ್ರದ ಶಿಕ್ಷಕರನ್ನು ಒಮ್ಮೆ ಕಾಣು. ಆಮೇಲೂ ಬೇಡವೆನಿಸಿದರೆ ಬಿಡು, ಆದರೆ ಯಾವ ಸಾಲುಗಳು ಹೊಡೆದುಹೋಗುತ್ತವೆ ಎಂದು ನೋಡಿಕೊಂಡು ಬಿಡು.

ತಾಯಿಗೆ ಹೇಳಿದ್ದು ಒಂದೇ: ಈ ಮಾತು ವಾರಕ್ಕೊಂದು ದಿನ, ಅರ್ಧ ಗಂಟೆ ಸಾಕು, ಉಳಿದ ದಿನ ನೀವಾಗಿ ಎತ್ತಬೇಡಿ. "ಕಷ್ಟ ಮೇಡಂ" ಎಂದರು. ಕಷ್ಟವೇ ಸರಿ, ಆದರೂ ಪ್ರಯತ್ನಿಸಿ ಎಂದೆ.

ಎರಡು ತಿಂಗಳ ನಂತರ ಹುಡುಗಿ ಒಬ್ಬಳೇ ಬಂದಳು. ಹೊಸ ಕೋಷ್ಟಕದಲ್ಲಿ ಒಂಬತ್ತೇ ಸಾಲುಗಳು, ಬಣ್ಣ ಬಳಿದಿರಲಿಲ್ಲ. ರಸಾಯನಶಾಸ್ತ್ರವನ್ನು ಉಳಿಸಿಕೊಂಡಿದ್ದಳು, ಮೊದಲ ಕಿರುಪರೀಕ್ಷೆಯಲ್ಲಿ 66. ಪ್ರವೇಶ ವಿಭಾಗಗಳಿಗೆ ಬರೆದ ಎರಡು ಇಮೇಲ್‌ಗಳಲ್ಲಿ ಒಂದಕ್ಕೆ ಉತ್ತರ ಬಂದಿತ್ತು. ಅದರ ಮುದ್ರಿತ ಪ್ರತಿಯನ್ನು ಆ ಸಾಲಿನ ಪಕ್ಕಕ್ಕೇ ಪಿನ್ ಮಾಡಿದ್ದಳು.